ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ

ನಮ್ಮ ಕಡೆ ಹೆಂಗಸರು ಮನೆಯಿಂದ ಹೊರಗೆ ಹೊರಡಬೇಕಾದರೆ ಒಂದು ಕಾರಣ ಇರಲೇಬೇಕು. ಮದುವೆ, ತಿಥಿ, ಸೀಮಂತ, ಆಸ್ಪತ್ರೆ, ಹರಕೆ, ಇಲ್ಲವೇ ತವರಿನಿಂದ ಬಂದ ಕರೆ. ಯಾವ ಕಾರಣವೂ ಇಲ್ಲದೆ "ಸುಮ್ನೆ ನೋಡ್ಕೊಂಡು ಬರ್ತೀನಿ" ಅಂತ ಹೊರಟ ಹೆಂಗಸನ್ನು ಬೀದಿಯೇ ತಿರುಗಿ ನೋಡುತ್ತೆ. ಗಂಡಸರಿಗೆ ಈ ತಾಪತ್ರಯವಿಲ್ಲ. ಚಪ್ಪಲಿ ಮೆಟ್ಟಿದರೆ ಆಯಿತು. ಪ್ರವಾಸ ಅಂದರೆ ನಮ್ಮ ಪಾಲಿಗೆ ಎರಡು ವರ್ಷಕ್ಕೊಮ್ಮೆ ತಿರುಪತಿ ಅಥವಾ ಧರ್ಮಸ್ಥಳ. ಅದಕ್ಕೂ ಇಡೀ ಬಳಗ ಕೂಡಬೇಕು, ವ್ಯಾನು ಗೊತ್ತುಮಾಡಬೇಕು, ಬಂದ ಮೇಲೆ ಮೂರು ತಿಂಗಳು ಖರ್ಚಿನ ಲೆಕ್ಕ ಕೇಳಬೇಕು.

ಆದರೆ ಸೋದರಿಯರೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವಂಥ ಸಾಹಸಗಳೂ ಇವೆ. ಅವು ನಮ್ಮ ಊರಿನ ಸುತ್ತಲೇ ಬಿದ್ದಿವೆ. ಅವುಗಳಿಗೆ ಬೇಕಾದ್ದು ದುಡ್ಡಲ್ಲ, ಒಂದು ದಿನದ ಬಿಡುವು ಮತ್ತು ಸ್ವಲ್ಪ ಧೈರ್ಯ.

ಇಂಗ್ಲೆಂಡಿನಲ್ಲಿ ಅಲಸ್ಟೇರ್ ಹಂಫ್ರೀಸ್ ಎಂಬುವರಿದ್ದಾರೆ. ಸೈಕಲ್ಲಿನ ಮೇಲೆ ನಾಲ್ಕು ವರ್ಷ ಪ್ರಪಂಚ ಸುತ್ತಿದವರು. ಅಷ್ಟೆಲ್ಲಾ ಸುತ್ತಿ ಬಂದವರು ಆಮೇಲೆ ಹೇಳಿದ್ದು ಏನು ಗೊತ್ತೆ? ಸಾಹಸಕ್ಕೆ ದೂರ ಹೋಗಬೇಕಾಗಿಲ್ಲ, ಮನೆಯ ಹತ್ತಿರವೇ ಪುಟ್ಟ ಪುಟ್ಟ ಸಾಹಸ ಮಾಡಿ ಅಂತ. 2011ರಲ್ಲಿ ಲಂಡನ್ ನಗರವನ್ನು ಬಳಸಿ ಹೋಗುವ ದೊಡ್ಡ ಹೆದ್ದಾರಿಯ ಸುತ್ತ, ಚಳಿಗಾಲದಲ್ಲಿ ನಡೆದು ತೋರಿಸಿದರಂತೆ. 2014ರಲ್ಲಿ ಅದನ್ನೇ ಕುರಿತು ಪುಸ್ತಕ ಬರೆದರು. ಪ್ರಪಂಚ ಸುತ್ತಿದವರೇ ಹೀಗೆ ಹೇಳುವಾಗ, ಅಡುಗೆಮನೆಯಿಂದ ಹಿತ್ತಲಿಗೆ ಸುತ್ತುವ ನಾವು ಇದನ್ನು ಕೇಳದಿದ್ದರೆ ಹೇಗೆ?

ನಮ್ಮ ಯಲ್ದೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿ. "ಕೋಲಾರ ಜಿಲ್ಲೆಯಲ್ಲಿ ನೋಡೋಕೆ ಏನಿದೆ, ಬರೀ ಬರ, ಬರೀ ಬಂಡೆ" ಅನ್ನುವವರು ಬಹಳ. ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಗಿಲ್ಲ, ನಿಜ. ಅದಕ್ಕೇ ನಮ್ಮ ಹಿರಿಯರು ಬಿದ್ದ ಮಳೆ ಹಿಡಿಯೋಕೆ ಊರೂರಿಗೆ ಕೆರೆ ಕಟ್ಟಿದರು. ಇನ್ನು ಬಂಡೆಯ ಮಾತು. ಈ ಭಾಗದ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಹಿಮಾಲಯ ಹುಟ್ಟುವ ಎಷ್ಟೋ ಮೊದಲೇ ಇದ್ದದ್ದು. ನೆಲದೊಳಗಿದ್ದಾಗಲೇ ಬಿರುಕು ಬಿಟ್ಟ ಕಲ್ಲಿಗೆ ನೀರು ಇಳಿದು, ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ, ರಾಗಿ ಮುದ್ದೆ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಗುಂಡುಗಳು ನಿಲ್ಲುತ್ತವೆ. ನಾವು ದಿನಾ ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸುವ ಗುಡ್ಡಗಳ ಕಥೆ ಇದು.

ಮೊದಲ ಸಾಹಸವನ್ನು ಊರ ಕೆರೆ ಏರಿಯಿಂದಲೇ ಶುರುಮಾಡಿ ಅನ್ನುತ್ತೇನೆ. ವಾರಕ್ಕೊಂದು ದಿನ, ಒಂದು ಗಂಟೆ ಮುಂಚೆ ಎದ್ದು, ಪಕ್ಕದ ಮನೆಯವರನ್ನು ಕರೆದುಕೊಂಡು ಬೆಳಕು ಹರಿಯುತ್ತಲೇ ಹೊರಡಿ. ಇದಕ್ಕೆ ಮೂರು ಕಾಸೂ ಬೇಡ. ಕೆರೆಯಲ್ಲಿ ನೀರಿದ್ದರೆ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಕಾಣುತ್ತವೆ. ಏರಿ ಮೇಲೆ ಹೊಂಗೆ, ಬೇವು, ತಂಗಡಿ. ಮಕ್ಕಳು ಜೊತೆಗಿದ್ದರೆ ಒಂದೊಂದು ಮರದ ಹೆಸರು ಹೇಳಿಕೊಡಿ. ಆದರೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಹೂಳೆತ್ತಿದ ಗುಂಡಿ ಎಲ್ಲಿದೆ ಅಂತ ಮೇಲಿಂದ ಕಾಣೋಲ್ಲ. ಇನ್ನೊಂದು ವಿಷಯ: 2018ರ ಜೂನ್ ತಿಂಗಳಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿರೋದು ಕಣ್ಣಿಗೆ ತಂಪು. ಆದರೆ ಅದು ಅಂತರ್ಜಲ ಹೆಚ್ಚಿಸೋಕೆ ಬಿಟ್ಟ ನೀರು, ಕುಡಿಯೋಕಲ್ಲ.

ಎರಡನೆಯದು ಮಾವಿನ ತೋಪು. ಶ್ರೀನಿವಾಸಪುರದ ಮಾವು ಅಂದರೆ ಎಲ್ಲಿಗೆ ಹೋದರೂ ಹೆಸರು. ಆದರೆ ತೋಪಿನ ಪಕ್ಕದಲ್ಲೇ ಬಾಳುವ ನಾವು ಅದನ್ನು ಕಾಣೋದು ಉಪ್ಪಿನಕಾಯಿ ಹಾಕುವಾಗ ಮಾತ್ರ. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ. ಮರ ತುಂಬಾ ಹೂ, ಜೇನುನೊಣದ ಗುಂಯ್ ಅನ್ನೋ ಸದ್ದು, ಮೂಗಿಗೆ ಬಡಿಯೋ ವಾಸನೆ. ಬೇಸಿಗೆಯಲ್ಲಿ ಹೋದರೆ ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ ಒಂದೊಂದರ ಎಲೆ, ಕಾಯಿ ಗುರುತು ಹಿಡಿಯೋ ಆಟ ಆಡಬಹುದು. ತೋತಾಪುರಿ, ನೀಲಂ ಕೊನೆಗೆ ಬರುತ್ತವೆ. ತೋಪಿನ ಯಜಮಾನರನ್ನು ಒಂದು ಮಾತು ಕೇಳಿ ಒಳಗೆ ಹೋಗಿ. ಔಷಧಿ ಹೊಡೆದ ದಿನ ಬೇಡವೇ ಬೇಡ.

ಇಷ್ಟು ಅಭ್ಯಾಸವಾದರೆ ಬಸ್ಸು ಹತ್ತುವ ಧೈರ್ಯ ತಾನಾಗಿ ಬರುತ್ತೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಟಿಕೆಟಿನ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ನಮ್ಮ ಕಡೆ ಖಾಸಗಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ದುಡ್ಡು ಕೊಡಲೇಬೇಕು. ಹತ್ತುವ ಮುಂಚೆ ಬಸ್ಸು ಯಾವುದು ಅಂತ ನೋಡಿಕೊಳ್ಳಿ.

ಹೋದ ಕಾರ್ತೀಕ ಮಾಸದಲ್ಲಿ ನಾನು, ನಮ್ಮತ್ತೆ, ಪಕ್ಕದ ಮನೆಯಾಕೆ, ಹತ್ತನೇ ಕ್ಲಾಸು ಓದುವ ಅವಳ ಮಗಳು, ನಾಲ್ವರೂ ಅಂತರಗಂಗೆಗೆ ಹೊರಟೆವು. ಕೋಲಾರ ಪೇಟೆಯಿಂದ ಮೂರು ನಾಲ್ಕು ಕಿಲೋಮೀಟರು, ಶತಶೃಂಗ ಪರ್ವತದ ಮೇಲೆ. ಪೇಟೆಯ ಬಸ್ ಸ್ಟ್ಯಾಂಡಿನಿಂದ ಬುಡದವರೆಗೆ ಆಟೋ ಮಾಡಿಕೊಂಡೆವು. ಅಲ್ಲಿಂದ ಕಲ್ಲು ಮೆಟ್ಟಿಲು. ಅತ್ತೆ ಐವತ್ತು ವರ್ಷದಿಂದ ಕೋಲಾರಕ್ಕೆ ಸಂತೆಗೆ, ಆಸ್ಪತ್ರೆಗೆ ಬಂದುಹೋಗುತ್ತಿದ್ದವರು, ಬೆಟ್ಟ ಹತ್ತಿದವರಲ್ಲ. ಹತ್ತು ಮೆಟ್ಟಿಲಿಗೊಮ್ಮೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, ಮತ್ತೆ ಎದ್ದು ನಡೆದರು.

ಮೇಲೆ ಕಾಶಿ ವಿಶ್ವೇಶ್ವರನ ಗುಡಿ. ಕಲ್ಲು ಬಸವನ ಬಾಯಿಂದ ಬೆಟ್ಟದೊಳಗಿನ ನೀರು ಕೊಳಕ್ಕೆ ಬೀಳುತ್ತೆ. ಹೊಳೆಯಿಲ್ಲದ ಜಿಲ್ಲೆಯಲ್ಲಿ, ಬಂಡೆಯ ಹೊಟ್ಟೆಯಿಂದ ಬರುವ ಆ ನೀರನ್ನು ಕಂಡಾಗ ಹಿಂದಿನವರು ಗಂಗೆ ಅಂತ ಯಾಕೆ ಕರೆದರು ಅನ್ನೋದು ಅರ್ಥವಾಗುತ್ತೆ. ಬಹಳ ಜನ ಇಲ್ಲಿಂದಲೇ ಕೈಮುಗಿದು ಇಳಿದುಬಿಡುತ್ತಾರೆ. ಸಾಹಸ ಶುರುವಾಗೋದು ಗುಡಿಯ ಮೇಲಿನ ದಾರಿಯಲ್ಲಿ. ಮನೆಯಷ್ಟು ದೊಡ್ಡ ಗುಂಡುಗಳು ಒಂದಕ್ಕೊಂದು ಒರಗಿ ನಿಂತು ಗವಿಗಳಾಗಿವೆ. ಕೆಲವು ಕಡೆ ಬಗ್ಗಿ, ಕೆಲವು ಕಡೆ ಕೂತು ತೆವಳಿ ಹೋಗಬೇಕು. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿಲ್ಲದೆ ಒಳಗೆ ನುಗ್ಗಬೇಡಿ. ನಾವೂ ಒಬ್ಬರನ್ನು ಕೇಳಿಕೊಂಡೇ ಹೋದೆವು. ಹುಡುಗಿ ಒಂದು ಗವಿಯಲ್ಲಿ ನುಸುಳಿ ಇನ್ನೊಂದು ಕಡೆ ಎದ್ದು, ಬಂಡೆ ಮೇಲೆ ನಿಂತು "ಅಮ್ಮಾ" ಅಂತ ಕೂಗಿದಳು. ಅಷ್ಟು ದೊಡ್ಡ ದನಿ ಆ ಹುಡುಗಿಯಲ್ಲಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅವಳಮ್ಮನಿಗೆ ಗಾಬರಿ. "ಇಳಿಯೇ ಸಾಕು! ಇವೆಲ್ಲಾ ಮದ್ವೆ ಆದ್ಮೇಲೆ ಗಂಡನ್ ಜೊತೆ ಬಂದು ನೋಡ್ಕೊಳ್ಲಿ ಬಿಡಕ್ಕ" ಅಂದಳು ನನ್ನ ಕಡೆ ತಿರುಗಿ.

ನಾನು ಉತ್ತರ ಹೇಳುವ ಮುಂಚೆ ಅತ್ತೆ ಹೇಳಿದರು: "ನಂಗೂ ಹಂಗೇ ಅಂದಿದ್ರು ಕಣಮ್ಮ. ಐವತ್ತು ವರ್ಷ ಆಯ್ತು. ನಮ್ಮೆಜಮಾನ್ರು ಹೋಗಿ ಹನ್ನೆರಡು ವರ್ಷ ಆಯ್ತು. ಇವತ್ತು ಸೊಸೆ ಕರ್ಕೊಂಡು ಬಂದ್ಲು."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳು ನಿಂತಿದ್ದ ಬಂಡೆಗೆ ತಾನೇ ಹತ್ತಿದಳು. ಅಲ್ಲಿಂದ ಕೋಲಾರ ಪೇಟೆ ಬೆಂಕಿಪೊಟ್ಟಣ ಹರಡಿದ ಹಾಗೆ ಕಾಣುತ್ತೆ, ಆಚೆಗೆ ಕೆರೆಗಳು ಕನ್ನಡಿಯ ಚೂರಿನಂತೆ. ಬೆಟ್ಟದ ನೆತ್ತಿಯ ಮೇಲೆ ತೇರಹಳ್ಳಿಯಂಥ ಹಳ್ಳಿಗಳೂ ಇವೆ, ಅಲ್ಲೂ ಹೊಲ ಗದ್ದೆ ಮಾಡಿ ಬದುಕುವ ಜನ ಇದ್ದಾರೆ. ಆಟೋ, ಹಣ್ಣುಕಾಯಿ, ದಾರಿ ತೋರಿಸಿದವರಿಗೆ ಕೊಟ್ಟದ್ದು, ಇಳಿದ ಮೇಲೆ ಕುಡಿದ ಕಾಫಿ ಎಲ್ಲಾ ಸೇರಿ ನಾಲ್ವರಿಗೆ ಆದ ಖರ್ಚು 410 ರೂಪಾಯಿ.

ಮುಳಬಾಗಿಲ ಕಡೆ ಇನ್ನೆರಡು ಜಾಗ ಹೇಳುತ್ತೇನೆ. ಮೂಡಲ ಬಾಗಿಲು ಅನ್ನೋದೇ ಮುಳಬಾಗಿಲಾಯಿತಂತೆ. ಆ ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ, ಸಾವಿರ ವರ್ಷಕ್ಕೂ ಹಳೆಯ ರಾಮಲಿಂಗೇಶ್ವರ ದೇವಾಲಯಗಳಿವೆ; ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿ ಒಂದೊಂದು ಲಿಂಗ. ಹಿಂದಿನ ಬೆಟ್ಟದ ಮೇಲೆ ಸೀತಮ್ಮನ ಗುಡಿ. ವಾಲ್ಮೀಕಿಗಳ ಆಶ್ರಮ ಇಲ್ಲೇ ಇತ್ತು, ಲವ ಕುಶರು ಹುಟ್ಟಿದ್ದು ಇಲ್ಲೇ ಅನ್ನೋದು ಜನರ ನಂಬಿಕೆ. ಕಾಡಿಗೆ ಕಳಿಸಿದ ಬಸುರಿ ಹೆಂಗಸು ಈ ಬಂಡೆಗಳ ನಡುವೆ ಮಕ್ಕಳನ್ನು ಸಾಕಿದಳು ಅಂತ ನೆನೆಸಿಕೊಂಡು ಹತ್ತಿದರೆ ಕಾಲುನೋವು ಕಾಲುನೋವೇ ಅಲ್ಲ. ಶಿವರಾತ್ರಿ ಸಮಯದ ಇಲ್ಲಿನ ದನಗಳ ಜಾತ್ರೆ ಪ್ರಸಿದ್ಧ.

ಇನ್ನೊಂದು ಕುರುಡುಮಲೆ, ಮುಳಬಾಗಿಲಿಂದ ಸುಮಾರು ಹತ್ತು ಕಿಲೋಮೀಟರು. ಒಂದೇ ಕಲ್ಲಿನ ಗಣಪನ ಎತ್ತರ ಹದಿಮೂರು ಅಡಿಗೂ ಹೆಚ್ಚು. ಪಕ್ಕದಲ್ಲಿರುವ ಸೋಮೇಶ್ವರ ದೇವಾಲಯದ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಅವನ ಮಗ ಡಂಕಣನದು ಅಂತ ಕಥೆ ಹೇಳುತ್ತಾರೆ. ಅಪ್ಪನ ಕೈ ಯಾವುದು, ಮಗನ ಕೈ ಯಾವುದು ಅಂತ ಮಕ್ಕಳನ್ನು ಕೇಳಿ, ಒಂದು ಗಂಟೆ ಅಲ್ಲಾಡೋಲ್ಲ. ವಾಪಸು ಬರುವಾಗ ಮುಳಬಾಗಿಲು ದೋಸೆ ತಿನ್ನದೆ ಬಂದರೆ ನನ್ನನ್ನು ಬೈಯಬೇಡಿ. ಹಳ್ಳಿಗಳಿಗೆ ಬಸ್ಸು ಕಡಿಮೆ, ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ಈಗ ಕೆಲವು ಸಲಹೆಗಳು. ಮೂರು ನಾಲ್ಕು ಜನ ಸೇರಿ ಹೋಗಿ, ಎಲ್ಲಿಗೆ ಅಂತ ಮನೆಯಲ್ಲಿ ಹೇಳಿ ಹೋಗಿ. ನಮ್ಮ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇರುವ ಜಾಗಗಳಿವೆ. ನಸುಕಿನಲ್ಲಾಗಲಿ ಕತ್ತಲಾದ ಮೇಲಾಗಲಿ ಬೆಟ್ಟ ಬೇಡ. ಮಳೆ ಬಂದ ದಿನ ಬಂಡೆ ಜಾರುತ್ತೆ. ಜಾರುವ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರೋದು ಹಾಕಿ. ಸಕ್ಕರೆ ಕಾಯಿಲೆ ಇರುವವರು ಹಸಿದ ಹೊಟ್ಟೆಯಲ್ಲಿ ಹತ್ತಬೇಡಿ. ಅಂತರಗಂಗೆಯಲ್ಲಿ ಕೋತಿಗಳು ಬಹಳ, ಪ್ಲಾಸ್ಟಿಕ್ ಚೀಲದ ಸದ್ದಾದರೆ ಸಾಕು ಕಿತ್ತುಕೊಳ್ಳುತ್ತವೆ. ಬಟ್ಟೆ ಚೀಲದಲ್ಲಿ ಡಬ್ಬಿ ಇಟ್ಟು ಹೆಗಲಿಗೆ ಹಾಕಿಕೊಳ್ಳಿ. ತಂದ ಕಸವನ್ನು ಅದೇ ಚೀಲದಲ್ಲಿ ಮನೆಗೆ ತನ್ನಿ.

ಬುತ್ತಿಗೆ ಪುಳಿಯೋಗರೆ, ಮೊಸರನ್ನ ಇದ್ದೇ ಇದೆ. ಜೊತೆಗೆ ಹುರಿಹಿಟ್ಟು ಇರಲಿ. ರಾಗಿ ತೊಳೆದು ಬಸಿದು, ತೇವವಿರುವ ಹಾಗೆ ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಚೆನ್ನಾಗಿ ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿ ಬೀಸಿಸಿ. ಎರಡು ಲೋಟ ಹಿಟ್ಟಿಗೆ ಒಂದು ಲೋಟ ಪುಡಿ ಬೆಲ್ಲ, ಅರ್ಧ ಲೋಟ ಒಣಕೊಬ್ಬರಿ ತುರಿ, ಒಂದು ಹಿಡಿ ಹುರಿಗಡಲೆ, ಎರಡು ಏಲಕ್ಕಿ ಪುಡಿ ಬೆರೆಸಿ ಡಬ್ಬಿಗೆ ತುಂಬಿ. ಬೆಟ್ಟದ ಮೇಲೆ ನಾಲ್ಕು ಚಮಚ ನೀರು ಚಿಮುಕಿಸಿ ಉಂಡೆ ಕಟ್ಟಿದರೆ ಆಯಿತು. ಕೆಡೋದೂ ಇಲ್ಲ, ಚೆಲ್ಲೋದೂ ಇಲ್ಲ, ಎರಡು ಉಂಡೆ ತಿಂದರೆ ಇಳಿಯುವವರೆಗೆ ಹಸಿವೂ ಇಲ್ಲ.

ಮನೆಯಲ್ಲಿ ಹೆಣ್ಣುಮಕ್ಕಳಿರುವವರಿಗೆ ಒಂದು ಮಾತು. ಓದು ಮುಗಿಯಲಿ, ಮದುವೆಯಾಗಲಿ ಅಂತ ಕಾಯಬೇಡಿ. ಬೇರೆ ಊರಿಗೆ ಹೋಗಿ ಬಾಳುವ ಹುಡುಗಿ ತಾನು ಹುಟ್ಟಿದ ನೆಲದ ಒಂದು ಬೆಟ್ಟವನ್ನಾದರೂ ತನ್ನ ಕಾಲಿನಿಂದ ಹತ್ತಿರಬೇಕು. ಹೊರಡೋಕೆ ಕಾರಣ ಯಾರಾದರೂ ಕೇಳಿದರೆ, "ನೋಡೋಕೆ" ಅಂತ ಹೇಳಿ. ಅದೂ ಒಂದು ಕಾರಣವೇ.