ಬೆಳಗಿನ ಡೈರಿ, ಸಂಜೆಯ ಡೈರಿ

ಪಿಎಚ್‌.ಡಿ. ಮಾಡುವವರನ್ನು ಊರಿನವರು ಕೇಳುವ ಪ್ರಶ್ನೆ ಒಂದೇ: ಇನ್ನೂ ಮುಗೀಲಿಲ್ವಾ? ನಮ್ಮೂರ ಹಾಲಿನ ಡೈರಿ ಮುಂದೆ ಅದನ್ನು ಕೇಳುವ ರೀತಿ ಬೇರೆ. "ಅಲ್ಲ ಕಣವ್ವ, ಹಸ ಒಂಬತ್ತು ತಿಂಗ್ಳಿಗೆ ಈಯ್ತೈತೆ. ಎಮ್ಮೆ ಹತ್ತು ತಿಂಗ್ಳಿಗೆ ಈಯ್ತೈತೆ. ನಿನ್ ಓದು ಐದು ವರ್ಷ ಆದ್ರೂ ಈಯಲಿಲ್ವಲ್ಲ?" ಎಂದರು ಮೂಲೆಮನೆ ತಾತ. ಕ್ಯಾನು ಹಿಡಿದು ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾತು ಅಲ್ಲಿಂದ ತಾತನ ಎಮ್ಮೆಗೆ ಹೋಯಿತು, ಎಮ್ಮೆಯಿಂದ ಹಿಂಡಿ ಮೂಟೆಯ ರೇಟಿಗೆ, ಅಲ್ಲಿಂದ ಯಾರದೋ ತೋಟದಲ್ಲಿ ಕಂಡ ಚಿರತೆ ಹೆಜ್ಜೆಗೆ. ಹದಿನೈದು ನಿಮಿಷದಲ್ಲಿ ಸಾಲು ಕರಗಿತು. ಎಲ್ಲರೂ ಖಾಲಿ ಕ್ಯಾನು ಹಿಡಿದು ಮನೆಗೆ ಹೋದರು.

ನಮ್ಮದು ಹೆಬ್ಬೂರು ಹೋಬಳಿಯ ಸಣ್ಣ ಹಳ್ಳಿ. ತುಮಕೂರಿನಿಂದ ಕುಣಿಗಲ್ ಕಡೆ ಹೋಗುವ ರಸ್ತೆಯಲ್ಲಿ ಹೆಬ್ಬೂರು ಸಿಗುತ್ತದೆ. ತೆಂಗು, ಅಡಿಕೆ, ರಾಗಿ, ಮನೆಗೆ ಒಂದೆರಡು ಸೀಮೆಹಸು. ಇಲ್ಲಿನ ಬದುಕಿಗೆ ದಿನಕ್ಕೆರಡು ಗಂಟೆ ಬಾರಿಸುವುದು ಡೈರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಕೊಡುತ್ತಾರೆ. ಆ ಹಾಲು ಮಲ್ಲಸಂದ್ರದಲ್ಲಿರುವ ತುಮಕೂರು ಹಾಲು ಒಕ್ಕೂಟದ ಡೈರಿ ಸೇರಿ, ನಂದಿನಿ ಪೊಟ್ಟಣವಾಗಿ ಹೊರಡುತ್ತದೆ. ಫ್ಯಾಟು 3.5, ಜಿಡ್ಡೇತರ ಘನಾಂಶ 8.5 ಇದ್ದರೆ ಮರ್ಯಾದೆ. ಕಮ್ಮಿಯಾದರೆ ಸಾಲಿನಲ್ಲಿರುವ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ: ಹಸಿಹುಲ್ಲು ಜಾಸ್ತಿ ಹಾಕಿದ್ದೀಯ, ಬೂಸಾ ಕಮ್ಮಿ ಮಾಡಿದ್ದೀಯ, ಕೆಚ್ಚಲು ಬಾವಿರಬೇಕು ನೋಡು.

ಪಶುಪಾಲನೆಗೆ ಸಂಬಂಧಿಸಿದ ಮಾತುಗಳನ್ನು ಸಂಗ್ರಹಿಸುವುದು ನನ್ನ ಸಂಶೋಧನೆಯ ಒಂದು ಭಾಗ. ಮೊದಲು ಹಿರಿಯರ ಮನೆಗೆ ಹೋಗಿ, ಎದುರು ಕೂತು, ಪ್ರಶ್ನೆ ಕೇಳಿ ರೆಕಾರ್ಡ್ ಮಾಡಿದೆ. ಅವರೆಲ್ಲ ನನ್ನೆದುರು ಪಠ್ಯಪುಸ್ತಕದ ಕನ್ನಡ ಮಾತಾಡಿದರು. "ಗೋವು ನಮಗೆ ತಾಯಿ ಸಮಾನ" ಎಂದರು ಒಬ್ಬರು. ಅವರೇ ಸಂಜೆ ಡೈರಿಯಲ್ಲಿ ತಮ್ಮ ಹಸುವಿಗೆ ಬೈಯುತ್ತಿದ್ದ ಮಾತನ್ನು ಇಲ್ಲಿ ಬರೆಯಲಾರೆ. ಆಗ ಗೈಡ್ ಹೇಳಿದರು, "ಪ್ರಶ್ನೆ ಕೇಳೋದು ಬಿಡು. ಡೈರಿ ಹತ್ರ ನಿಂತ್ಕೊ." ಸಾಲಿನವರಿಗೆಲ್ಲ ವಿಷಯ ಹೇಳಿ, ಒಪ್ಪಿಗೆ ಪಡೆದು, 40 ದಿನ ನಿಂತೆ. ಮೊದಲ ವಾರ ನನ್ನ ಫೋನನ್ನು ಕಂಡರೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಮರೆತರು.

ನಿಜ ಹೇಳಬೇಕೆಂದರೆ ನನಗೂ ಅದು ಗೊಡ್ಡು ಹರಟೆ ಎಂದೇ ಅನಿಸಿತ್ತು. ಬೆದೆಗೆ ಬಂತಾ, ನಿಂತಿದೆಯಾ, ಎಷ್ಟು ಹಿಂಡಿತು, ಕರು ಹೆಣ್ಣೋ ಗಂಡೋ, ನಾಯಿ ಎಲ್ಲಿ ಹೋಯಿತು, ಬೆಕ್ಕು ಎಲ್ಲಿ ಮರಿ ಹಾಕಿತು. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಆಗಿನ ಸುಡಾನಿನ ನೂಯರ್ ಜನರ ಬಗ್ಗೆ ಬರೆದ ಪುಸ್ತಕ 1940ರಲ್ಲಿ ಬಂತು. ಯಾವ ವಿಷಯ ಎತ್ತಿದರೂ ಅವರು ಅದನ್ನು ದನದ ಮಾತಿಗೇ ತಂದು ನಿಲ್ಲಿಸುತ್ತಾರೆ ಎಂದು ಆತ ಅದರಲ್ಲಿ ಗೋಳಾಡಿಕೊಂಡಿದ್ದಾನೆ. ಅದನ್ನು ಓದಿದಾಗ, ಪಾಪ, ಇವನೂ ನಮ್ಮೂರ ಡೈರಿ ಮುಂದೆ ನಿಂತಿದ್ದ ಅನಿಸಿತು. ಇನ್ನು ಮಲಿನೋವ್ಸ್ಕಿ 1923ರಲ್ಲೇ ಇಂಥ ಮಾತಿಗೊಂದು ಹೆಸರು ಕೊಟ್ಟಿದ್ದ. ಹವೆ, ಆರೋಗ್ಯ, ಎಲ್ಲರಿಗೂ ಗೊತ್ತಿರುವ ಸಂಗತಿ. ಇವುಗಳ ಬಗ್ಗೆ ಜನ ಮಾತಾಡುವುದು ವಿಷಯ ತಿಳಿಸಲು ಅಲ್ಲ, ಒಬ್ಬರಿಗೊಬ್ಬರು ಇದ್ದೇವೆ ಎಂದು ತಿಳಿಸಲು ಎನ್ನುವುದು ಅವನ ವಾದ.

ನಮ್ಮ ಸಾಲಿಗೆ ಈ ವಾದ ಅರ್ಧವಷ್ಟೇ ಹೊಂದುತ್ತದೆ. ಇಲ್ಲಿ ವಿಷಯವೂ ಮುಖ್ಯ. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದ ಸಾವಿರಾರು ದನಗಳನ್ನು ತೆಗೆದುಕೊಂಡು ಹೋಯಿತು. ಜೊಲ್ಲು ಸುರಿಸುವ ಹಸು ಯಾರ ಕೊಟ್ಟಿಗೆಯಲ್ಲಿದೆ ಎಂಬ ಸುದ್ದಿ ಮೊದಲು ಬಂದದ್ದು ಈ ಸಾಲಿಗೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಹಾಗೆಯೇ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಹೆಬ್ಬೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ದಿನಗಳಲ್ಲಿ "ನಿಮ್ಮ ನಾಯಿ ಐತಾ?" ಅನ್ನುವುದು ಸುಮ್ಮನೆ ಕೇಳುವ ಪ್ರಶ್ನೆ ಆಗಿರಲಿಲ್ಲ. ಚಿರತೆ ಸುತ್ತ ಸುಳಿಯುತ್ತಿರುವುದು ನಾಯಿ ಕಾಣೆಯಾದಾಗ ಗೊತ್ತಾಗುತ್ತದೆ. ನಮ್ಮ ಕರಿಯನನ್ನು ಆ ಚಳಿಗಾಲ ಪೂರ್ತಿ ಒಳಗೇ ಮಲಗಿಸಿದೆವು. ಹಸುಗಳ ನಡುವೆ ಮಲಗಿ ಅಭ್ಯಾಸವಿದ್ದ ನಾಯಿ, ರಾತ್ರಿಯೆಲ್ಲ ಬಾಗಿಲು ಕೆರೆಯುತ್ತಿತ್ತು. ಅಪ್ಪ ಅದಕ್ಕೆ ಬೈಯುತ್ತಲೇ ಎದ್ದು, ತಲೆ ಸವರಿ, ಮತ್ತೆ ಮಲಗುತ್ತಿದ್ದರು.

ನಮ್ಮ ಮನೆಯಲ್ಲಿ ಈಗ ಕರೆಯುವುದು ಒಂದು ಎಚ್ಚೆಫ್. ಇನ್ನೊಂದು ಗೌರಿ. ಗೌರಿ ಎರಡು ಕರು ಹಾಕಿದ ಮೇಲೆ ಕಟ್ಟಲಿಲ್ಲ. ಬೆದೆಗೆ ಬಂದಾಗ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸುವುದು, 21 ದಿನ ಕಾಯುವುದು, ಮತ್ತೆ ಬೆದೆಗೆ ಬಂತೆಂದು ಅಮ್ಮ ನಿಟ್ಟುಸಿರು ಬಿಡುವುದು. ಹೀಗೆ ನಾಲ್ಕು ಸಲ ಆಗಿತ್ತು. ಹಾಲು ಕೊಡದ ಹಸು ತಿನ್ನುವುದನ್ನೇನೂ ನಿಲ್ಲಿಸುವುದಿಲ್ಲ. ಅಂಥದ್ದನ್ನು ಮಾರೋಣವೆಂದರೆ, 2021ರಲ್ಲಿ ಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಕೊಳ್ಳುವವರು ನಮ್ಮ ಕಡೆ ಸುಳಿಯುವುದು ಕಮ್ಮಿ. ಹೀಗಾಗಿ ಸಂಜೆಯ ಸಾಲಿನಲ್ಲಿ ಬಹಳ ಬಳಕೆಯಾಗುವ ಪದವೊಂದಿದೆ: ಗೊಡ್ಡು. "ಗೊಡ್ಡ ಕಟ್ಕೊಂಡು ಎಷ್ಟ್ ದಿನ ಮೇವ್ ಹಾಕ್ತೀಯ?" "ಅದು ಗೊಡ್ಡೇ ಕಣಪ್ಪ, ನಂಗೊತ್ತು."

ಗೊಡ್ಡು ನನ್ನ ಅಧ್ಯಾಯಕ್ಕೆ ಒಳ್ಳೆಯ ಪದ. ಹಸುವಿನಿಂದ ಹೊರಟು ಅದು ಎಲ್ಲೆಲ್ಲಿಗೋ ಹೋಗಿದೆ. ಬೇಳೆಯಿಲ್ಲದ ಸಾರು ಗೊಡ್ಡು ಸಾರು. ಅರ್ಥ ಕಳೆದುಕೊಂಡ ಆಚಾರ ಗೊಡ್ಡು ಸಂಪ್ರದಾಯ. ಕೆಲಸಕ್ಕೆ ಬಾರದ ಮಾತು ಗೊಡ್ಡು ಹರಟೆ. ಹೆಂಗಸರಿಗೂ ಹೋಗಿದೆ. ಅದನ್ನು ವಿವರಿಸಬೇಕಿಲ್ಲ.

ರೆಕಾರ್ಡಿಂಗುಗಳನ್ನೆಲ್ಲ ಬರೆದಿಟ್ಟು, ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ಗುರುತು ಹಾಕುತ್ತಿದ್ದೆ. ಗೊಡ್ಡು ಎಂಬುದು ಸಂಜೆಯ ಪುಟಗಳಲ್ಲಿ ಮತ್ತೆ ಮತ್ತೆ ಬಂದಿತ್ತು. ಬೆಳಗಿನ ಪುಟಗಳಲ್ಲಿ ಎರಡೇ ಎರಡು ಕಡೆ. ನಾನೇ ಬಿಟ್ಟಿರಬೇಕೆಂದು ಮತ್ತೆ ಕೇಳಿದೆ. ಇಲ್ಲ, ಇರಲೇ ಇಲ್ಲ. ಬೆಳಿಗ್ಗೆಯೂ ಅದೇ ಜನ, ಅದೇ ಹಸುಗಳ ಮಾತು. ಆದರೆ ಬೆಳಿಗ್ಗೆ "ಇನ್ನೂ ನಿಂತಿಲ್ಲ" ಎನ್ನುತ್ತಿದ್ದರು, "ಈ ಸಲ ತಿರುಗ್ತು" ಎನ್ನುತ್ತಿದ್ದರು. ಒಂದು ಕಡೆ ಕಂಬದಮನೆ ಮಾವ "ಗೊ" ಎಂದು ಶುರುಮಾಡಿ, ತಡೆದು, "ಆ ಹಸ" ಎಂದು ಮುಗಿಸಿದ್ದರು. ಮರುಕ್ಷಣವೇ ಯಾರೋ ಚಿರತೆಯ ಮಾತು ಎತ್ತಿದ್ದರು.

ಪದ ಕಾಣಿಸಿದ ಆ ಎರಡು ಬೆಳಗಿನ ತಾರೀಖು ನೋಡಿದೆ. ಎರಡೂ ಅಮ್ಮ ಜ್ವರ ಬಂದು ಮಲಗಿದ್ದ ದಿನ. ಕ್ಯಾನು ತೆಗೆದುಕೊಂಡು ಹೋಗಿದ್ದವಳು ನಾನು.

ನಮ್ಮ ಮನೆಯಿಂದ ಬೆಳಿಗ್ಗೆ ಡೈರಿಗೆ ಹೋಗುವುದು ಅಮ್ಮ, ಸಂಜೆ ಅಪ್ಪ. ನನ್ನ ಅಕ್ಕನಿಗೆ ಮದುವೆಯಾಗಿ ಏಳು ವರ್ಷ. ಬೆಂಗಳೂರಿನಲ್ಲಿದ್ದಾಳೆ. ಮಕ್ಕಳಿಲ್ಲ. ಆಸ್ಪತ್ರೆಗೆ ಹೋಗುವುದು, ಕಾಯುವುದು, ಮತ್ತೆ ಹೋಗುವುದು ಅವಳಿಗೂ ಇದ್ದೇ ಇದೆ. ಈ ವಿಷಯವನ್ನು ಊರಿನ ಒಬ್ಬರೂ ಅಮ್ಮನ ಮುಂದೆ ಎತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲವೇನೋ ಎಂದು ನಾವು ಅಂದುಕೊಂಡಿದ್ದೆವು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ, ಯಾರೂ ಯಾರಿಗೂ ಹೇಳದೆ, ಸಾಲಿನಲ್ಲಿದ್ದ ಇಪ್ಪತ್ತು ಮೂವತ್ತು ಜನ ಬೆಳಗಿನ ಹೊತ್ತು ಒಂದು ಪದವನ್ನು ಬಿಟ್ಟುಬಿಟ್ಟಿದ್ದರು. ಹಾಲಿಗೆ ನೀರು ಹಾಕಿದ್ದಕ್ಕೆ ಕ್ಯಾನು ಎತ್ತಿ ಜಗಳಕ್ಕೆ ನಿಲ್ಲುವ ಜನ ಇವರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಳು ಬಂತು ಎಂದರೆ ಅದು ಅರ್ಧ ಸತ್ಯ. ಒಳ್ಳೆಯ ದತ್ತಾಂಶ ಸಿಕ್ಕಿದ ಖುಷಿಯೂ ಇತ್ತು. ಆಡದೆ ಬಿಟ್ಟ ಪದವೂ ಒಂದು ಮಾತೇ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಗೈಡಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಕ್ಕನ್ನ ಕೇಳಿದ್ಯಾ?" ಎಂದರು.

ಯುಗಾದಿಗೆ ಅಕ್ಕ ಬಂದಳು. ಕೊಟ್ಟಿಗೆಯಲ್ಲಿ ಗೌರಿಗೆ ರಾಗಿಹುಲ್ಲು ಹಾಕುತ್ತಿದ್ದಾಗ ಎಲ್ಲ ಹೇಳಿದೆ. ಊರಿನವರ ದೊಡ್ಡಗುಣ ಕೇಳಿ ಅವಳ ಕಣ್ಣು ತುಂಬಬಹುದು ಎಂದುಕೊಂಡಿದ್ದೆ. ಅವಳು ನಕ್ಕಳು.

"ನಿಂಗೆ ಈಗ ಗೊತ್ತಾಯ್ತಾ? ನಾನು ಡೈರಿ ಹತ್ರ ಹೋದ್ರೆ ಸಾಕು, ಎಲ್ರೂ ಚಿರತೆ ಮಾತಾಡ್ತಾರೆ. ಇಷ್ಟು ವರ್ಷದಿಂದ ಅದೇ ಚಿರತೆ."

"ನೋಯಿಸಬಾರದು ಅಂತ ತಾನೇ ಅಕ್ಕ?"

"ಹೌದು. ಆದ್ರೆ ಅವ್ರು ಮಾತು ಬದಲಾಯಿಸಿದಾಗಲೇ ನಂಗೆ ಜ್ಞಾಪಕ ಬರೋದು. ಹಸೂನ ಗೊಡ್ಡು ಅಂದಾಗ ಹಸೂನೇ ಅಂದಿರ್ತಾರೆ ಕಣೆ. ಸುಮ್ಮನಾದಾಗ ನನ್ನ ಅಂದಿರ್ತಾರೆ."

ನನ್ನ ಅಧ್ಯಾಯ ಅಲ್ಲಿಯೇ, ಗೊಂತಿನ ಮುಂದೆ ಕುಸಿಯಿತು. ಆ ಮೌನ ಅಮ್ಮನಿಗೆ ನೆರಳಾಗಿತ್ತು. ಬೆಳಿಗ್ಗೆ ಆ ಹದಿನೈದು ನಿಮಿಷ ತಲೆ ಎತ್ತಿ ನಿಲ್ಲಲು ಅಮ್ಮನಿಗೆ ಅದು ಬೇಕಿತ್ತು; ಆಮೇಲೆ ಅವರನ್ನು ಕೇಳಿದಾಗ "ಗೊತ್ತು ಕಣೆ, ಒಳ್ಳೇ ಜನ" ಎಂದಷ್ಟೇ ಹೇಳಿದರು. ಅದೇ ಮೌನ ಅಕ್ಕನಿಗೆ ಬೆರಳು ತೋರಿಸಿದಂತಿತ್ತು. ಇಬ್ಬರೂ ಸರಿ. 40 ದಿನ ನಿಂತು ಗುರುತು ಹಾಕಿದ ನಾನು ಇಬ್ಬರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಅವತ್ತು ಸಂಜೆ ಅಕ್ಕ ಅಪ್ಪನ ಕೈಯಿಂದ ಕ್ಯಾನು ತೆಗೆದುಕೊಂಡಳು. ನಾನೂ ಹಿಂದೆ ಹೋದೆ, ಫೋನನ್ನು ಮನೆಯಲ್ಲೇ ಬಿಟ್ಟೆ. ನಮ್ಮನ್ನು ಕಂಡ ಕೂಡಲೇ ಸಾಲಿನ ಸದ್ದು ಸ್ವಲ್ಪ ತಗ್ಗಿತು. "ಯಾವಾಗ್ ಬಂದ್ಯವ್ವ? ಅಳಿಯಂದ್ರು ಬಂದವ್ರಾ?" ಎಂದೆಲ್ಲ ಕೇಳಿದರು. ಕಂಬದಮನೆ ಮಾವ ಕೆಮ್ಮಿ, "ನಿನ್ನೆ ಕೆರೆ ಏರಿ ಮ್ಯಾಲೆ ಚಿರತೆ..." ಎಂದು ಶುರುಮಾಡಿದರು.

ಅಕ್ಕ ಮೂಲೆಮನೆ ತಾತನ ಕಡೆ ತಿರುಗಿದಳು. ಆ ಕಾಲದಲ್ಲಿ ಹಳ್ಳಿಕಾರ್ ಜೋಡಿ ಸಾಕಿ, ಶಿವರಾತ್ರಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದವರು ಅವರು. "ತಾತ, ನಮ್ ಗೌರಿ ನಾಲ್ಕು ಸಲ ತಿರುಗೈತೆ. ಎಲ್ರೂ ಗೊಡ್ಡು ಅಂತಾರೆ. ನೀವೇನಂತೀರ?"

ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಾತ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು.

"ಅಂಗೆಲ್ಲ ಬಿಟ್ಬಿಡೋದಲ್ಲ ಕಣವ್ವ. ಬೆದೆಗೆ ಬಂದ ದಿನದಿಂದ ಶುರು ಮಾಡ್ಬೇಕು. ದಿನಕ್ಕೊಂದು ಬಿಳಿ ಮೂಲಂಗಿ, ಐದು ದಿನ. ಆಮೇಲೆ ಲೋಳೆಸರ ನಾಲ್ಕು ದಿನ. ನುಗ್ಗೆಸೊಪ್ಪು ನಾಲ್ಕು ದಿನ. ಮಂಗರವಳ್ಳಿ ನಾಲ್ಕು ದಿನ. ಕೊನೇಗೆ ಕರಿಬೇವು ಅರಿಶಿನ ನಾಲ್ಕು ದಿನ. ಬೆಲ್ಲ ಉಪ್ಪು ಸೇರ್ಸಿ ಬಾಯಿಗಿಡೋದು. ಡಾಕ್ಟ್ರೂ ಇದನ್ನೇ ಹೇಳ್ತಾರೆ ಈಗ."

"ಮಂಗರವಳ್ಳಿ ನಮ್ ಬೇಲೀಲಿ ಐತೆ, ಕೊಡ್ತೀನಿ" ಎಂದರು ತೋಟದಮನೆ ಅತ್ತೆ. ಮೂಲಂಗಿ ಬಿಳೀದೇ ಆಗಬೇಕೆ, ಕೆಂಪು ನಡೆಯುತ್ತದೆಯೇ ಎಂದು ಇಬ್ಬರು ವಾದಕ್ಕಿಳಿದರು. ಯಾರದೋ ಹಸು ಇದೇ ಔಷಧಿಯಲ್ಲಿ ಕಟ್ಟಿತು, ಇನ್ನೊಬ್ಬರದು ಕಟ್ಟಲಿಲ್ಲ, ಅದು ಗೊಡ್ಡೇ ಇತ್ತು ಎಂಬ ಮಾತು ಬಂತು. ಕಂಬದಮನೆ ಮಾವ ಚಿರತೆಯನ್ನು ಕೆರೆ ಏರಿಯ ಮೇಲೆಯೇ ಬಿಟ್ಟು ವಾದಕ್ಕೆ ಸೇರಿಕೊಂಡರು.

ಇದನ್ನು ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಪ್ರಬಂಧದಲ್ಲಿ ಹಾಕಬೇಡ, ಬೇಕಾದರೆ ಇಲ್ಲಿ ಬರೆ, ಊರ ಹೆಸರು ಬೇಡ, ಹೆಬ್ಬೂರು ಹೋಬಳಿ ಅಂದರೆ ಸಾಕು ಎಂದಳು. ನನ್ನ ಅಧ್ಯಾಯದಲ್ಲಿ ಗೊಡ್ಡು ಎಂಬ ಪದದ ಎದುರು ಈಗ ಅರ್ಥ, ಬಳಕೆ ಎರಡೇ ಇವೆ. ಬೆಳಿಗ್ಗೆ, ಸಂಜೆ ಎಂಬ ಕಾಲಂ ತೆಗೆದುಹಾಕಿದ್ದೇನೆ.

ಅವತ್ತು ಖಾಲಿ ಕ್ಯಾನು ಹಿಡಿದು ಮನೆಗೆ ಬರುವಾಗ ಅಕ್ಕ ಬೆರಳು ಮಡಿಸುತ್ತಾ ಲೆಕ್ಕ ಹಾಕುತ್ತಿದ್ದಳು. ಐದು, ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.

"ಇಪ್ಪತ್ತೊಂದು ದಿನ" ಎಂದಳು. "ನಾಳೆ ಹೆಬ್ಬೂರಿಗೆ ಹೋದ್ರೆ ಮೂಲಂಗಿ ತಗೊಂಡ್ ಬಾ. ಬಿಳೀದೇ ತಾ."