ಕಾಯುವ ಕಲೆ

ಕನ್ನಡದಲ್ಲಿ 'ಕಾಯು' ಎಂಬ ಧಾತುವಿಗೆ ಬಿಸಿಯಾಗುವುದು, ರಕ್ಷಿಸುವುದು, ಎದುರುನೋಡುವುದು ಎಂಬ ಮೂರು ಅರ್ಥಗಳುಂಟು. ಮೂರನ್ನೂ ಒಂದೇ ಗಂಟೆಯಲ್ಲಿ ಕಲಿಸಬಲ್ಲ ಗುರುವೆಂದರೆ ಘಟ್ಟವೇರುವ ಮೋಟಾರು ಕಾರು.

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಹೆಸರಾದುದು ರೈಲಿನಿಂದ. ಇಲ್ಲಿಂದ ಗೋವೆಗಿಳಿಯುವ ಬ್ರಗಾಂಜಾ ಘಟ್ಟದಲ್ಲಿ ಹಳಿಯು 37 ಅಡಿಗೆ 1 ಅಡಿ ಏರುತ್ತದೆ. ಹೆಚ್ಚಿನ ಎಂಜಿನ್ನುಗಳ ನೆರವಿಲ್ಲದೆ ಭಾರದ ಗಾಡಿ ಮೇಲೇರದು. ಅಂದಿನ ಉಗಿಯ ಎಂಜಿನ್ನಿಗೆ ನೀರು ಕುದಿಯುವುದೇ ಜೀವವಾಗಿತ್ತು. ಕಾರಿಗಾದರೋ ಅದೇ ರೋಗ. ಗೋವೆಯ ಮೊಲೆಮ್ಮಿನಿಂದ ಅನಮೋಡಕ್ಕೆ ಏರುವ ರಸ್ತೆಯಲ್ಲಿ, ಮುಂದೆ ಲಾರಿ ತೆವಳುತ್ತಿರುವಾಗ, ಈ ರೋಗ ತಲೆದೋರುತ್ತದೆ. ಎಂಜಿನ್ನಿಗೆ ದುಡಿಮೆ ಹೆಚ್ಚು, ರೇಡಿಯೇಟರಿಗೆ ಎದುರುಗಾಳಿ ಕಡಿಮೆ.

ಎಂಜಿನ್ನಿನ ಶಾಖವನ್ನು ಹೊತ್ತ ನೀರಿನ ಒಂದು ಕವಲು ಕಾರಿನೊಳಗಿನ ಹೀಟರಿಗೆ ಹರಿಯುತ್ತದೆ. ಬಯಲುಸೀಮೆಯವರಿಗೆ ಹೀಟರು ವ್ಯರ್ಥಾಲಂಕಾರ; ಮಳೆಗಾಲದ ಘಟ್ಟದಲ್ಲಿ ಮಾತ್ರ ಗಾಜಿನ ಮಂಜನ್ನು ಒರೆಸುವ ಬಂಧು. ಅದಕ್ಕಿಂತ ಮಿಗಿಲಾಗಿ, ಅದು ರೋಗದ ಸಾಕ್ಷಿ.

ಶಾಖದ ಸೂಜಿ ಮೇಲೇರಿದೆ, ಹೀಟರಿನಿಂದ ಮಾತ್ರ ತಣ್ಣನೆಯ ಗಾಳಿ ಬರುತ್ತಿದೆ ಎಂದರೆ ನೀರು ಬತ್ತಿರಬೇಕು, ಇಲ್ಲವೆ ಕೊಳವೆಯಲ್ಲಿ ಗಾಳಿ ಸೇರಿರಬೇಕು, ಇಲ್ಲವೆ ಪಂಪು ಕೆಟ್ಟಿರಬೇಕು. ಆಗ ಒಂದು ಫರ್ಲಾಂಗನ್ನೂ ಓಡಿಸಬಾರದು. ಸೂಜಿಯೂ ಏರಿ ಹೀಟರೂ ಬಿಸಿಯಾಗಿದ್ದರೆ ನೀರು ಹರಿಯುತ್ತಿದೆ, ಶಾಖ ಹೊರಹೋಗುತ್ತಿಲ್ಲ: ಫ್ಯಾನು ನಿಂತಿರಬಹುದು, ರೇಡಿಯೇಟರು ಕಟ್ಟಿರಬಹುದು, ಥರ್ಮೋಸ್ಟಾಟಿನ ಬಾಗಿಲು ತೆರೆಯದಿರಬಹುದು. ಸೂಜಿ ಏರದೆ ಹೀಟರು ಉಗುರುಬೆಚ್ಚಗೇ ಉಳಿದರೆ ಅದೇ ಬಾಗಿಲು ಮುಚ್ಚದೆ ನಿಂತಿರುವ ಸಂಭವವುಂಟು. ಗಾಜಿನೊಳಗೆ ಜಿಡ್ಡಾದ ಮಂಜು, ಸಿಹಿಯಾದ ವಾಸನೆ, ಕಾಲಡಿಯ ಹಾಸು ಒದ್ದೆ ಎಂದಾದರೆ ದೋಷ ಮಳೆಯದಲ್ಲ, ಹೀಟರೇ ಸೋರುತ್ತಿದೆ.

ಎರಡನೆಯ ಸಂದರ್ಭದಲ್ಲಿ ಹೀಟರನ್ನು ಪೂರ್ತಿ ತಿರುಗಿಸಿ, ತಂಪುಯಂತ್ರವನ್ನು ಆರಿಸಿದರೆ ಎಂಜಿನ್ನಿನ ಶಾಖ ಕೊಂಚ ಇಳಿಯುತ್ತದೆ. ಒಳಗೆ ಕುಳಿತವರು ಬೆವರುವರು. ಆದರೆ ಕಾರು ಸುರಕ್ಷಿತವಾದ ಸ್ಥಳವನ್ನು ಮುಟ್ಟೀತು.

ಅಲ್ಲಿ ಮುಟ್ಟಿದ ಮೇಲೆ ಎಂಜಿನ್ನನ್ನು ನಿಲ್ಲಿಸಿ ಕಾಯುವುದೇ ಚಿಕಿತ್ಸೆ. ಮಕ್ಕಳು ಹಸಿದಿರುತ್ತಾರೆ, ಮನೆಯಾಕೆ ಗಡಿಯಾರ ನೋಡುತ್ತಾಳೆ, ದಾರಿಹೋಕರು "ಮುಚ್ಚಳ ತೆಗೆಯಿರಿ ಸ್ವಾಮಿ, ಒಂದು ಬಕೆಟ್ ನೀರು ಸುರಿಯಿರಿ" ಎನ್ನುತ್ತಾರೆ. ಒಪ್ಪಿದವನು ಕೆಟ್ಟ. ಮುಚ್ಚಳದ ಒತ್ತಡದಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಒತ್ತಡ ಬಿಟ್ಟೊಡನೆ ಉಗಿಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಕೆಂಪಗೆ ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಲೋಹ ಸೀಳುವುದೂ ಉಂಟು. ಅರ್ಧ ಗಂಟೆಗೂ ಮೇಲಾಗಿ, ರೇಡಿಯೇಟರು ಕೈಗೆ ತಣ್ಣಗಾದ ಮೇಲೆಯೇ ಮುಚ್ಚಳಕ್ಕೆ ಬಟ್ಟೆ ಸುತ್ತಿ ಮೆಲ್ಲನೆ ತೆರೆಯಬೇಕು.

ಮಳೆ ಧೋ ಎಂದು ಸುರಿಯುವ ಈ ಕಾಡಿನಲ್ಲಿ ಕಾರೊಂದು ಎರಡು ಲೀಟರು ನೀರಿಲ್ಲದೆ ನಿಲ್ಲುವುದು ವಿಚಿತ್ರವೇ ಸರಿ. ಹೊರಡುವ ಮುನ್ನ, ಎಂಜಿನ್ನು ತಣ್ಣಗಿರುವಾಗ, ಬಾನೆಟ್ಟೆತ್ತಿ ನೀರಿನ ಮಟ್ಟ ನೋಡಿದ ಗೃಹಸ್ಥನಿಗೆ ದಾರಿಯಲ್ಲಿ ಕಾಯುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.