ಬಂಗಾರ ಮತ್ತು ಭಂಗಾರ

ಪುಣೆಗೆ ಬಂದ ಹೊಸತರಲ್ಲಿ, ಬೀದಿಯಲ್ಲಿ 'ಭಂಗಾರ್‌ವಾಲಾ' ಎಂದು ಕೂಗುವವನನ್ನು ಕಂಡು, ಈ ಊರಲ್ಲಿ ಚಿನ್ನವನ್ನೂ ಕೈಗಾಡಿಯಲ್ಲಿ ಕೊಳ್ಳುತ್ತಾರಾ ಎಂದು ಬೆರಗಾಗಿದ್ದೆ. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಹೋದ ವರ್ಷ ಕಂಪನಿ ನನ್ನನ್ನು ಬೆಂಚ್ ಮೇಲೆ ಕೂರಿಸಿದಾಗ ಆ ಪದ ಮತ್ತೆ ಕಿವಿಗೆ ಬಿತ್ತು. ಹದಿಮೂರು ವರ್ಷ ಒಂದೇ ಬ್ಯಾಂಕಿನ ಕೋಬಾಲ್ ಪ್ರೋಗ್ರಾಮುಗಳನ್ನು ನೋಡಿಕೊಂಡಿದ್ದೆ. ಬ್ಯಾಂಕು ಹೊಸ ಸಾಫ್ಟ್‌ವೇರಿಗೆ ಹೋಯಿತು, ನಾನು ಉಳಿದೆ.

ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಕಾಕಾ ಒಬ್ಬರಿದ್ದಾರೆ. ವಾಹನ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಕಥೆ ಕೇಳಿ ಹೇಳಿದರು: "ಒಂದ ಕೆಲಸ ಮಾಡೂ ಮಷೀನು ಬಂಗಾರ ಇದ್ದಂಗ, ತಮ್ಮಾ. ಮಾಡೆಲ್ ಬದಲಾತು ಅಂದ್ರ ಭಂಗಾರ. ಫೋರ್ಡ್‌ದು ಏನಾತು, ಓದಿ ನೋಡು."

ಓದಿದೆ. ಹೆನ್ರಿ ಫೋರ್ಡ್ 1908ರಿಂದ 'ಮಾಡೆಲ್ ಟಿ' ತಯಾರಿಸಿದ. ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹನ್ನೆರಡೂವರೆ ತಾಸು ಹಿಡಿಯುತ್ತಿದ್ದ ಚಾಸಿ ಜೋಡಣೆ, ಚಲಿಸುವ ಲೈನ್ ಬಂದ ಮೇಲೆ 93 ನಿಮಿಷಕ್ಕಿಳಿಯಿತು. ಎಂಜಿನ್ ಬ್ಲಾಕಿಗೆ ಹಲವು ಕಡೆಯಿಂದ ಹತ್ತಾರು ತೂತುಗಳನ್ನು ಒಮ್ಮೆಗೇ ಕೊರೆಯುವ ಯಂತ್ರಗಳಿದ್ದವು. ಆದರೆ ಅವು ಆ ಒಂದೇ ಬ್ಲಾಕಿಗೆ ಹೊಂದುವಂಥವು. 850 ಡಾಲರಿನ ಕಾರು 300ಕ್ಕಿಂತ ಕೆಳಗಿಳಿದದ್ದು ಇಂಥ ಯಂತ್ರಗಳಿಂದಲೇ.

1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ ಕಾರು ಹೊರಬಂತು. ಅದರ ಬೆನ್ನಿಗೇ ಉತ್ಪಾದನೆ ನಿಂತಿತು. ಮುಂದಿನ 'ಮಾಡೆಲ್ ಎ'ಯ ವಿನ್ಯಾಸವೇ ಇನ್ನೂ ಪೂರ್ತಿಯಾಗಿರಲಿಲ್ಲ! ಯಂತ್ರಗಳನ್ನು ಸಾವಿರಗಟ್ಟಲೆ ಬದಲಿಸಬೇಕಾಯಿತು. ಹೊಸ ಕಾರು ಜನರ ಕಣ್ಣಿಗೆ ಬಿದ್ದದ್ದು ಡಿಸೆಂಬರ್ 2ರಂದು. ಅಷ್ಟರಲ್ಲಿ ಷೆವ್ರೊಲೆ ಮಾರಾಟದಲ್ಲಿ ಮುಂದೆ ಹೋಗಿತ್ತು.

ಆ ಷೆವ್ರೊಲೆಯನ್ನು ನಡೆಸುತ್ತಿದ್ದವನು ವಿಲಿಯಂ ನುಡ್‌ಸೆನ್, 1921ರಲ್ಲಿ ಫೋರ್ಡ್ ಬಿಟ್ಟು ಬಂದವನು. ಬೇರೆ ಕೆಲಸಕ್ಕೂ ಒಗ್ಗಿಸಬಹುದಾದ ಸಾಮಾನ್ಯ ಯಂತ್ರಗಳನ್ನೇ ಅವನು ಹಾಕಿಸಿದ್ದ. 1928ರಲ್ಲಿ ನಾಲ್ಕು ಸಿಲಿಂಡರಿನಿಂದ ಆರಕ್ಕೆ ಹೋಗುವಾಗ, ಮೊದಲು ಸಣ್ಣ ಲೈನಿನಲ್ಲಿ ಪ್ರಯೋಗ ಮಾಡಿ, ಸುಮಾರು ಮೂರು ವಾರಗಳಲ್ಲಿ ಬದಲಾವಣೆ ಮುಗಿಸಿದ.

ಆದರೆ ನನ್ನನ್ನು ಕಾಡಿದ್ದು ಯಂತ್ರಗಳಲ್ಲ. ಆ ಆರು ತಿಂಗಳು ಡೆಟ್ರಾಯಿಟ್‌ನಲ್ಲಿ ಹತ್ತಾರು ಸಾವಿರ ಕಾರ್ಮಿಕರು ಕೆಲಸವಿಲ್ಲದೆ ಕೂತರು. ಸರ್ಕಾರದ ನಿರುದ್ಯೋಗ ವಿಮೆ ಆಗ ಇರಲಿಲ್ಲ. ಕಾರನ್ನು ಅಗ್ಗ ಮಾಡಿದ್ದು ಅವರ ಒಂದೇ ಬಗೆಯ ದುಡಿಮೆ. ಬದಲಾವಣೆಯ ಖರ್ಚಿನಲ್ಲೂ ದೊಡ್ಡ ಪಾಲು ಹೊತ್ತವರು ಅವರೇ.

ನನಗೆ ಬೆಂಚ್ ಮೇಲೂ ಸಂಬಳ ಬರುತ್ತಿತ್ತು, ಅರವತ್ತು ದಿನದ ಮಟ್ಟಿಗೆ. ನನ್ನ ತಪ್ಪೂ ಇತ್ತು. ಎರಡು ಸಲ ಬೇರೆ ಪ್ರಾಜೆಕ್ಟಿಗೆ ಕರೆದಾಗ "ಇಲ್ಲೇ ಆರಾಮಿದ್ದೀನಿ ಸರ್" ಎಂದಿದ್ದೆ. ಅವರಿಗೂ ಅದೇ ಅಗ್ಗವಾಗಿತ್ತು.

ಐವತ್ತೆರಡನೇ ದಿನ ಇನ್ನೊಂದು ಬ್ಯಾಂಕಿನ ಮೈಗ್ರೇಶನ್ ತಂಡಕ್ಕೆ ಸೇರಿಕೊಂಡೆ. ಅಲ್ಲಿ ನನ್ನ ಕೋಬಾಲ್ ಅವರಿಗೆ ಬೇಕಿರಲಿಲ್ಲ. ತಿಂಗಳ ಕೊನೆಯಲ್ಲಿ ಬಡ್ಡಿಯ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ ಎಂಬ ತಿಳಿವಳಿಕೆ ಬೇಕಿತ್ತು. ನನ್ನ ಲೀಡ್ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳಿಂದ ಹೊಸ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ.

ಕಾಕಾಗೆ ಸುದ್ದಿ ಹೇಳಿದೆ. "ಛಲೋ ಆತು," ಎಂದವರು ಕೇಳಿದರು: "ನಿನ್ನ ಸಂಗಡ ಬೆಂಚಿನ ಮ್ಯಾಲ ಇದ್ದವರು?"

ನಾವು ಐವರಿದ್ದೆವು. ಇಬ್ಬರಿಗೆ ಇನ್ನೂ ಕೆಲಸ ಸಿಕ್ಕಿಲ್ಲ.